‘ನಾವು ಪ್ರಶ್ನೆ ಕೇಳುತ್ತಿದ್ದೇವೆ, ಅಷ್ಟೆ’: ಮತಯಂತ್ರ ಮತ್ತು ಸಂಶಯ ಬಿತ್ತುವ ರಾಜಕೀಯ ವಿಶ್ಲೇಷಕರು

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ಪ್ರತಿ ಚುನಾವಣೆಯಲ್ಲೂ ತಪ್ಪದೆ ಸರತಿಯಲ್ಲಿ ನಿಂತು ಮತ ಹಾಕುತ್ತಿದ್ದ ನಮ್ಮ ಊರಿನ ಹಲವು ಹಿರಿಯರು ಈಗ “ಯಾರಿಗೆ ಒತ್ತಿದರೂ ಅದು ಹೋಗಬೇಕಾದ ಕಡೆಗೇ ಹೋಗುತ್ತದೆ, ಬಿಡಿ” ಎನ್ನತೊಡಗಿದ್ದಾರೆ. ಹಾಗೆಂದು ಯಾರು ಹೇಳಿದರು ಎಂದು ವಿಚಾರಿಸಿದರೆ ಟಿವಿ ಚರ್ಚೆಗಳಲ್ಲಿ ಕೂರುವ, ಯೂಟ್ಯೂಬಿನಲ್ಲಿ ದಿನವೂ ಮಾತನಾಡುವ ವಿಶ್ಲೇಷಕರ ಹೆಸರುಗಳು ಬರುತ್ತವೆ. ಅವರ ವಿಡಿಯೋಗಳನ್ನು ನಾನು ಕುಳಿತು ಪೂರ್ತಿ ಕೇಳಿದ್ದೇನೆ. ನನ್ನ ಗಮನ ಸೆಳೆದದ್ದೇನೆಂದರೆ, ಇಡೀ ವಿಡಿಯೋದಲ್ಲಿ ಅವರು ‘ಮತಯಂತ್ರವನ್ನು ತಿರುಚಲಾಗಿದೆ’ ಎಂದು ಒಮ್ಮೆಯೂ ಹೇಳುವುದಿಲ್ಲ. ‘ಇದು ಕಾಕತಾಳೀಯವೇ?’, ‘ಚುನಾವಣಾ ಆಯೋಗ ಏಕೆ ಮೌನವಾಗಿದೆ?’, ‘ಇದು ನಾನು ಹೇಳುತ್ತಿರುವುದಲ್ಲ, ಜನ ಹೇಳುತ್ತಿದ್ದಾರೆ’, ‘ತೀರ್ಮಾನವನ್ನು ನಿಮ್ಮ ವಿವೇಚನೆಗೆ ಬಿಡುತ್ತೇನೆ’ ಎಂಬ ಮಾತುಗಳಲ್ಲೇ ಕಾರ್ಯಕ್ರಮ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಕೇಳುಗ ಆ ತೀರ್ಮಾನಕ್ಕೆ ತಾನೇ ಬಂದಿರುತ್ತಾನೆ.

ಸುಳ್ಳನ್ನು ಸುಳ್ಳೆಂದು ತೋರಿಸಬಹುದು. ಹೇಳದೇ ಇರುವ ಮಾತನ್ನು ಅಲ್ಲಗಳೆಯುವುದು ಹೇಗೆ? ಪ್ರಾಮಾಣಿಕ ಪ್ರಶ್ನೆಗೂ ಬಿತ್ತಿದ ಸಂಶಯಕ್ಕೂ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕು? ಯಾವ ಪಕ್ಷದ ಪರವೂ ಅಲ್ಲದೆ ಈ ಮಾತಿನ ಕಲೆಯ ಬಗ್ಗೆಯೇ ಚರ್ಚಿಸಬೇಕೆಂದು ಕೋರುತ್ತೇನೆ.

ಮತಗಟ್ಟೆ ಮೇಷ್ಟ್ರು

ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಪ್ರಿಸೈಡಿಂಗ್ ಆಫೀಸರ್, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಈ ವಿಶ್ಲೇಷಕರು ಎಂದೂ ತೋರಿಸದ ಒಂದು ದೃಶ್ಯವನ್ನು ಹೇಳುತ್ತೇನೆ, ಕೇಳಿ.

ಮತದಾನ ಆರಂಭವಾಗುವುದಕ್ಕೆ ಒಂದೂವರೆ ಗಂಟೆ ಮುಂಚೆ ಅಣಕು ಮತದಾನ ನಡೆಯುತ್ತದೆ. ಬೆಳಗಿನ ಐದೂವರೆಯ ಮಬ್ಬಿನಲ್ಲಿ ಪಕ್ಷಗಳ ಏಜೆಂಟರು ಶಾಲೆಯ ಕೊಠಡಿಯೊಳಗೆ ಬಂದು ನಿಲ್ಲುತ್ತಾರೆ. ಎಲ್ಲ ಅಭ್ಯರ್ಥಿಗಳಿಗೂ, ನೋಟಾಕ್ಕೂ ಸೇರಿ ಕನಿಷ್ಠ 50 ಮತಗಳನ್ನು ಅವರ ಕಣ್ಣೆದುರಿನಲ್ಲೇ ಹಾಕಿಸುತ್ತೇವೆ. ಯಾರಿಗೆ ಎಷ್ಟು ಒತ್ತಿದೆವೆಂದು ಹಾಳೆಯ ಮೇಲೆ ಗೀಟು ಹಾಕಿಕೊಳ್ಳುತ್ತೇವೆ. ಆಮೇಲೆ ಮತಗಳನ್ನು ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್ಟಿನಲ್ಲಿ ಮೊದಲು ಕ್ಲೋಸ್, ನಂತರ ರಿಸಲ್ಟ್, ಕೊನೆಗೆ ಕ್ಲಿಯರ್ ಒತ್ತಬೇಕು. ರಿಸಲ್ಟಿನ ಅಂಕಿ, ವಿವಿಪ್ಯಾಟ್ (ಒತ್ತಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಡಬ್ಬಿಯಲ್ಲಿ ಬಿದ್ದ ಚೀಟಿ, ನಮ್ಮ ಗೀಟುಗಳ ಲೆಕ್ಕ, ಈ ಮೂರೂ ತಾಳೆಯಾಗಬೇಕು. ಆ ಚೀಟಿಗಳ ಹಿಂಬದಿಗೆ ಅಣಕು ಮತದಾನದ ಮುದ್ರೆ ಒತ್ತಿ, ಕಪ್ಪು ಲಕೋಟೆಗೆ ಹಾಕಿ ಮೊಹರು ಮಾಡುತ್ತೇವೆ. ಯಂತ್ರಕ್ಕೆ ಹಸಿರು ಕಾಗದದ ಮೊಹರು ಬೀಳುತ್ತದೆ. ಅದರ ಕ್ರಮಸಂಖ್ಯೆಯನ್ನು ಏಜೆಂಟರು ಬರೆದುಕೊಂಡು ಸಹಿ ಹಾಕುತ್ತಾರೆ. ಸಂಜೆ ಮತದಾನ ಮುಗಿದ ಮೇಲೆ, ಒಟ್ಟು ಎಷ್ಟು ಮತ ಬಿದ್ದಿದೆ ಎಂಬುದನ್ನು ನಮೂನೆ 17ಸಿಯಲ್ಲಿ ತುಂಬಿ, ಹಾಜರಿರುವ ಪ್ರತಿ ಏಜೆಂಟನಿಗೂ ಸಹಿ ಮಾಡಿದ ಪ್ರತಿ ಕೊಡುವುದು ಕಡ್ಡಾಯ.

‘ಒಂದು ಮತಗಟ್ಟೆಯಲ್ಲಿ ಯಂತ್ರ ಕೆಟ್ಟಿತು’ ಎಂಬ ಸುದ್ದಿಯನ್ನು ಹಿಡಿದು ಒಂದು ಗಂಟೆ ಮಾತನಾಡುವವರು ಈ ಯಾವುದನ್ನೂ ಕೇಳುಗರ ಮುಂದೆ ಇಡುವುದಿಲ್ಲ. ಇಟ್ಟರೆ ಕೇಳುಗ ತಾನೇ ತೂಗಿ ನೋಡಲು ಶುರುಮಾಡುತ್ತಾನೆ. ಅವರಿಗೆ ಬೇಕಾದದ್ದು ಅದಲ್ಲ.

ಪ್ರಶ್ನೆ ಬಿಡದವಳು

ಮೇಷ್ಟ್ರೇ, ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಪೂರ್ತಿ ಗೌರವವಿದೆ. ಆದರೆ ಬೆಳಿಗ್ಗೆ 50 ಮತಗಳಲ್ಲಿ ಸರಿಯಾಗಿ ನಡೆದ ಯಂತ್ರ ಮಧ್ಯಾಹ್ನವೂ ಹಾಗೆಯೇ ನಡೆಯುತ್ತದೆ ಎಂದು ನಾನು ಯಾವ ಆಧಾರದ ಮೇಲೆ ನಂಬಬೇಕು? ಕಾಗದದ ಮತಪತ್ರವನ್ನು ನಾನು ನನ್ನ ಕಣ್ಣಿನಿಂದ ಓದಬಲ್ಲೆ, ಚಿಪ್ಪನ್ನು ಓದಲಾರೆ. ಸಂಶಯವನ್ನು ಪರಿಹರಿಸುವ ಹೊಣೆ ವ್ಯವಸ್ಥೆಯದೇ ಹೊರತು ಮತದಾರಳದಲ್ಲ. ಪ್ರಶ್ನೆ ಕೇಳಿದವರನ್ನೆಲ್ಲ ‘ಸಂಶಯ ಬಿತ್ತುವವರು’ ಎಂದು ಕರೆದುಬಿಟ್ಟರೆ ಉತ್ತರ ಕೊಡುವ ಕಷ್ಟವೇ ತಪ್ಪುತ್ತದೆ, ಮತ್ತು ಅದೂ ಮಾತಿನ ಒಂದು ಚಮತ್ಕಾರವೇ ಅಲ್ಲವೇ? ಈ ಎಳೆಯ ಶೀರ್ಷಿಕೆಯೇ ನನಗೆ ಹಿಡಿಸಲಿಲ್ಲ.

ಕಡಲತಡಿ

ಅಡ್ಡಗೋಡೆಯ ಮೇಲೆ ದೀಪ ಇಡುವವರು ಹಿಂದೆಯೂ ಇದ್ದರು, ಆದರೆ ಅವರಿಗೆ ಲಕ್ಷಾಂತರ ಚಂದಾದಾರರು ಇರಲಿಲ್ಲ.

ತರ್ಕಶಾಲೆ

‘ಪ್ರಶ್ನೆ ಬಿಡದವಳು’ ಅವರು ಎತ್ತಿದ ಆಕ್ಷೇಪ ಗಂಭೀರವಾದದ್ದು. ಅದಕ್ಕೆ ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲೇ ಒಂದು ಉತ್ತರವಿದೆ ಎಂದು ನನಗೆ ತೋರುತ್ತದೆ. ಅಕ್ಷಪಾದ ಗೌತಮನ ನ್ಯಾಯಸೂತ್ರಗಳು ಹೇಳುವ 16 ಪದಾರ್ಥಗಳಲ್ಲಿ, ಅಂದರೆ ವಿಚಾರಣೆಗೆ ತಿಳಿದಿರಬೇಕಾದ ವಿಷಯಗಳಲ್ಲಿ, ಮೂರನೆಯದೇ ಸಂಶಯ. ಅಂದರೆ ಸಂಶಯವನ್ನು ಅವರು ದೋಷವೆಂದು ಬಗೆಯಲಿಲ್ಲ. ಸಂಶಯವಿಲ್ಲದ ಕಡೆ ವಿಚಾರಣೆಯೇ ಹುಟ್ಟದು ಎಂದು ಒಪ್ಪಿಕೊಂಡೇ ಅವರು ಹೊರಟರು. ಆದರೆ ಅದೇ ಪಟ್ಟಿಯಲ್ಲಿ ಒಂಬತ್ತನೆಯದಾಗಿ ನಿರ್ಣಯ ಬರುತ್ತದೆ. ಸಂಶಯವು ದೃಷ್ಟಾಂತ (ಉದಾಹರಣೆ), ಅವಯವ (ವಾದದ ಹಂತಗಳು), ತರ್ಕಗಳನ್ನು ಹಾದು ನಿರ್ಣಯದತ್ತ ನಡೆಯಬೇಕು ಎಂಬುದು ಅದರ ಆಶಯ.

ಮಾತಿನ ಮೂರು ಬಗೆಗಳನ್ನೂ ಅವರು ಬೇರೆ ಮಾಡಿ ಹೇಳಿದರು. ಸತ್ಯ ತಿಳಿಯಲೆಂದು ಆಡುವುದು ವಾದ. ಗೆಲ್ಲಲೆಂದು ಆಡುವುದು ಜಲ್ಪ. ತನ್ನ ಪಕ್ಷವೇನೆಂದು ಹೇಳದೆ, ಅದನ್ನು ಸ್ಥಾಪಿಸುವ ಹೊಣೆಯನ್ನೂ ಹೊರದೆ, ಎದುರಿನವರದ್ದನ್ನು ಕೆಡವುತ್ತ ಹೋಗುವುದು ವಿತಂಡ. ‘ನಾನು ಏನೂ ಹೇಳುತ್ತಿಲ್ಲ, ಕೇಳುತ್ತಿದ್ದೇನೆ’ ಎನ್ನುವ ವಿಶ್ಲೇಷಕ ನಿಂತಿರುವುದು ಈ ಮೂರನೆಯ ಜಾಗದಲ್ಲಿ. ಇನ್ನೂ ಒಂದನ್ನು ಗಮನಿಸಿ. ಪ್ರತಿಜ್ಞಾಂತರ ಎಂಬುದನ್ನು ನ್ಯಾಯಸೂತ್ರಗಳು ನಿಗ್ರಹಸ್ಥಾನ, ಅಂದರೆ ಸೋಲಿನ ಜಾಗ ಎಂದು ಎಣಿಸುತ್ತವೆ. ಮೊದಲು ಮಂಡಿಸಿದ ಮಾತಿಗೆ ಎದುರುತ್ತರ ಬಂದಾಗ ಅದನ್ನು ಸಮರ್ಥಿಸದೆ ಬೇರೊಂದು ಮಾತಿಗೆ ಸರಿದುಕೊಂಡವನು ಅಲ್ಲಿಗೆ ಸೋತಂತೆ.

ಹೀಗಾಗಿ ಗೆರೆಯನ್ನು ನಾನು ಇಲ್ಲಿ ಎಳೆಯುತ್ತೇನೆ. ‘ಏನನ್ನು ತೋರಿಸಿದರೆ ನಿಮ್ಮ ಸಂಶಯ ತೀರುತ್ತದೆ?’ ಎಂದು ಕೇಳಿ ನೋಡಿ. ಪ್ರಾಮಾಣಿಕರಾದವರು ಅದಕ್ಕೊಂದು ಉತ್ತರ ಕೊಡುತ್ತಾರೆ. ಸಂಶಯವನ್ನೇ ಸರಕು ಮಾಡಿಕೊಂಡವರು ಕೊಡುವುದಿಲ್ಲ, ಏಕೆಂದರೆ ಅದು ತೀರಿದ ದಿನ ಅವರ ಅಂಗಡಿ ಮುಚ್ಚಬೇಕಾಗುತ್ತದೆ.

ಬಯಲುಸೀಮೆ ವಕೀಲ

ತರ್ಕಶಾಲೆಯವರ ಮಾತಿಗೆ ಚರಿತ್ರೆಯಿಂದ ಸಾಕ್ಷಿ ಒದಗಿಸುತ್ತೇನೆ. ಮತಯಂತ್ರ 1998ರಲ್ಲಿ ಮೊದಲು ಬಂದಿತೆಂದು ವಿಡಿಯೋವೊಂದರಲ್ಲಿ ಹೇಳಿದ್ದನ್ನು ಕೇಳಿದ್ದೇನೆ, ಅದು ತಪ್ಪು. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲ ಬಾರಿಗೆ ಬಳಸಲಾಯಿತು. ಯಂತ್ರ ಬೇಡವೆಂದು ಚುನಾವಣೆಗೆ ಮುಂಚೆಯೇ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ಸಿಪಿಐ ಅಭ್ಯರ್ಥಿ ಶಿವನ್ ಪಿಳ್ಳೈ. ಫಲಿತಾಂಶ ಬಂದಾಗ 123 ಮತಗಳಿಂದ ಗೆದ್ದವರೂ ಅವರೇ. ಆಗ ಸೋತ ಕಾಂಗ್ರೆಸ್ ಅಭ್ಯರ್ಥಿ ಎ.ಸಿ. ಜೋಸ್ ಅದೇ ಯಂತ್ರದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲವೆಂಬ ಕಾರಣಕ್ಕೆ 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. ಆ ಬಳಿಕ ಪ್ರಜಾಪ್ರತಿನಿಧಿ ಕಾಯ್ದೆಗೆ ಯಂತ್ರ ಬಳಸಲು ಅವಕಾಶ ಕೊಡುವ 61ಎ ಕಲಂ ಸೇರಿತು.

ಕಾಗದದ ಕಾಲದಲ್ಲಿ ಸಂಶಯ ಇರಲಿಲ್ಲವೆಂದು ಭಾವಿಸಬೇಡಿ. 1971ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ದೆಹಲಿಯಲ್ಲಿ ಸೋತ ಬಲರಾಜ್ ಮಧೋಕ್ ಅವರು, ಮತಪತ್ರಗಳಿಗೆ ರಾಸಾಯನಿಕ ಸವರಲಾಗಿತ್ತು, ಹಾಕಿದ ಮುದ್ರೆ ಮಾಯವಾಗಿ ಬೇರೆ ಚಿಹ್ನೆಯ ಮೇಲೆ ಮುದ್ರೆ ಮೂಡುತ್ತಿತ್ತು ಎಂದು ಆರೋಪಿಸಿದ್ದರು. ಮತಪತ್ರಗಳನ್ನು ಪರಿಶೀಲಿಸಬೇಕೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆರೋಪ ನಿಲ್ಲಲಿಲ್ಲ.

ಮುಂದಿನದ್ದು ಎಲ್ಲರಿಗೂ ಗೊತ್ತಿರುವಂಥದ್ದೇ. 2009ರಲ್ಲಿ ಸೋತಾಗ ಎಲ್.ಕೆ. ಆಡ್ವಾಣಿಯವರು ಮತಪತ್ರಕ್ಕೆ ಮರಳಬೇಕೆಂದರು, ಬಿಜೆಪಿಯ ಜಿ.ವಿ.ಎಲ್. ನರಸಿಂಹ ರಾವ್ ಮತಯಂತ್ರದ ವಿರುದ್ಧ ಪುಸ್ತಕವನ್ನೇ ಬರೆದರು. 2015ರಲ್ಲಿ ದೆಹಲಿಯ 70 ಸ್ಥಾನಗಳಲ್ಲಿ 67 ಗೆದ್ದಾಗ ಆಮ್ ಆದ್ಮಿ ಪಕ್ಷಕ್ಕೆ ಯಂತ್ರದ ಬಗ್ಗೆ ತಕರಾರಿರಲಿಲ್ಲ, 2017ರಲ್ಲಿ ಪಂಜಾಬಿನ ಸೋಲಿನ ನಂತರ ಇತ್ತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದ ದಿನ ಯಾವ ಚರ್ಚಾಕೂಟದಲ್ಲೂ ಮತಯಂತ್ರದ ಹೆಸರು ಕೇಳಿಬಂದದ್ದು ನನಗೆ ನೆನಪಿಲ್ಲ. ಪಕ್ಷಗಳು ಹೀಗೆ ಬಣ್ಣ ಬದಲಿಸುವುದನ್ನು ಅರ್ಥ ಮಾಡಿಕೊಳ್ಳಬಹುದು. ತಾನು ಯಾವ ಪಕ್ಷಕ್ಕೂ ಸೇರಿದವನಲ್ಲವೆಂದು ಹೇಳಿಕೊಂಡು ಕ್ಯಾಮೆರಾ ಮುಂದೆ ಕೂರುವ ವಿಶ್ಲೇಷಕನೂ ಫಲಿತಾಂಶ ನೋಡಿಕೊಂಡು ಸಂಶಯಪಡುವುದನ್ನು ನಾನು ಕ್ಷಮಿಸಲಾರೆ.

ಜಾಲಹಳ್ಳಿ ಕ್ರಾಸ್

ಮತಯಂತ್ರ ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ನಾನು ಎಲೆಕ್ಟ್ರಾನಿಕ್ಸ್ ಕ್ಷೇತ್ರದವನಾದ್ದರಿಂದ ಈ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ ಎನ್ನುತ್ತೇನೆ.

2010ರಲ್ಲಿ ಹೈದರಾಬಾದಿನ ಹರಿಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್, ನೆದರ್ಲೆಂಡ್ಸಿನ ರಾಪ್ ಗಾಂಗ್ರೈಪ್ ಎಂಬ ಮೂವರು ನಿಜವಾದ ಯಂತ್ರವೊಂದನ್ನು ಬಿಚ್ಚಿ ಅಧ್ಯಯನ ಮಾಡಿದರು. ಅಂಕಿ ತೋರಿಸುವ ಫಲಕವನ್ನೇ ಬದಲಿಸಿದರೆ ಏನಾಗುತ್ತದೆ, ನೆನಪಿನ ಚಿಪ್ಪಿಗೆ ಸಣ್ಣ ಸಾಧನವನ್ನು ಸಿಕ್ಕಿಸಿದರೆ ಏನಾಗುತ್ತದೆ ಎಂಬುದನ್ನು ಮಾಡಿ ತೋರಿಸಿದರು. ಯಂತ್ರ ಯಾರದಾದರೂ ಕೈಗೆ ಸಿಗಬೇಕು, ಮೊಹರು ಒಡೆಯಬೇಕು ಎಂಬ ಮಿತಿಯನ್ನೂ ಮರೆಮಾಚಲಿಲ್ಲ. ಹರಿಪ್ರಸಾದ್ ಅವರು ಯಂತ್ರ ಕೊಟ್ಟವರ ಹೆಸರು ಹೇಳಲೊಪ್ಪದೆ ಬಂಧನಕ್ಕೂ ಒಳಗಾದರು. ಇಂತಹ ಪ್ರಶ್ನೆಗಳ ಒತ್ತಡದಿಂದಲೇ, ಸುಬ್ರಮಣಿಯನ್ ಸ್ವಾಮಿಯವರ ಅರ್ಜಿಯ ಮೇಲೆ 2013ರಲ್ಲಿ ಸುಪ್ರೀಂ ಕೋರ್ಟ್ ವಿವಿಪ್ಯಾಟ್ ಅಳವಡಿಸಲು ಹೇಳಿತು. ಇಂದು ನಾವು ಗಾಜಿನ ಕಿಂಡಿಯಲ್ಲಿ 7 ಸೆಕೆಂಡು ಚೀಟಿ ನೋಡುತ್ತಿದ್ದರೆ ಅದಕ್ಕೆ ಆ ಸಂಶಯವೇ ಕಾರಣ.

ಇನ್ನೊಂದು, 2019ರ ಜನವರಿಯಲ್ಲಿ ಲಂಡನ್ನಿನಲ್ಲಿ ನಡೆದ ಪತ್ರಿಕಾಗೋಷ್ಠಿ. ಮುಖ ಮರೆಸಿಕೊಂಡ ವ್ಯಕ್ತಿಯೊಬ್ಬ ವಿಡಿಯೋ ಮೂಲಕ ಕಾಣಿಸಿಕೊಂಡು, ತಾನು ಇಸಿಐಎಲ್‌ನಲ್ಲಿದ್ದವನೆಂದೂ 2014ರ ಚುನಾವಣೆಯಲ್ಲಿ ಯಂತ್ರಗಳನ್ನು ತಿರುಚಲಾಯಿತೆಂದೂ ಹೇಳಿದ. ಯಂತ್ರವನ್ನೂ ತೋರಿಸಲಿಲ್ಲ, ದಾಖಲೆಯನ್ನೂ ಕೊಡಲಿಲ್ಲ. ಆತ ತನ್ನ ಉದ್ಯೋಗಿಯೇ ಆಗಿರಲಿಲ್ಲವೆಂದು ಇಸಿಐಎಲ್ ಸ್ಪಷ್ಟಪಡಿಸಿತು. ಆದರೂ ಆ ಸಂಜೆಯ ಟಿವಿ ಚರ್ಚೆಗಳು 2010ರ ಅಧ್ಯಯನಕ್ಕೆ ಸಿಗದಷ್ಟು ಹೊತ್ತನ್ನು ಆತನಿಗೆ ಕೊಟ್ಟವು. ಪುರಾವೆ ಇರುವ ಸಂಶಯ ನೀರಸವಾಗಿ ಕಾಣುತ್ತದೆ, ಅದಕ್ಕೆ ಚಿತ್ರ ಬರೆದು ವಿವರಿಸಬೇಕಾಗುತ್ತದೆ. ಮುಸುಕು ಹಾಕಿದ ಮುಖಕ್ಕೆ ಆ ತೊಂದರೆ ಇಲ್ಲ.

ಪ್ರಶ್ನೆ ಬಿಡದವಳು

ಜಾಲಹಳ್ಳಿಯವರೇ, ಹರಿಪ್ರಸಾದ್ ಅವರ ಹೆಸರು ಎತ್ತಿದ್ದಕ್ಕೆ ಧನ್ಯವಾದ. ಅಂದು ಅವರನ್ನೂ ಸಂಶಯ ಬಿತ್ತುವವರೆಂದೇ ಕರೆದಿದ್ದರು ಎಂಬುದನ್ನು ಮರೆಯಬೇಡಿ. ‘ಏನನ್ನು ತೋರಿಸಿದರೆ ನಿಮ್ಮ ಸಂಶಯ ತೀರುತ್ತದೆ’ ಎಂಬ ತರ್ಕಶಾಲೆಯವರ ಪ್ರಶ್ನೆಗೆ ನನ್ನ ಬಳಿ ನೇರ ಉತ್ತರವಿದೆ. ವಿವಿಪ್ಯಾಟ್ ಬಂದ ಮೇಲೆ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಯನ್ನು ಹೊರಗಿನಿಂದ ಅದರೊಳಗೆ ತುಂಬಲಾಗುತ್ತದೆ. ಹಾಗೆ ತುಂಬುವ ಘಟಕವನ್ನು ಚುನಾವಣೆಯ ನಂತರವೂ ಕಾಪಿಡಬೇಕು, ಚೀಟಿಗಳನ್ನು ಇನ್ನೂ ಹೆಚ್ಚು ಮತಗಟ್ಟೆಗಳಲ್ಲಿ ಎಣಿಸಬೇಕು. ಈಗ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಎಣಿಸುವುದು 5 ಮತಗಟ್ಟೆಗಳ ಚೀಟಿಗಳನ್ನು ಮಾತ್ರ.

ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚಿನಲ್ಲಿ ಮತಯಂತ್ರ ಬಳಕೆಯನ್ನು ಸಂವಿಧಾನಬಾಹಿರವೆಂದು ತೀರ್ಪಿತ್ತಿತು ಎಂಬುದೂ ಇಲ್ಲಿ ನೆನಪಿರಲಿ.

ಬಯಲುಸೀಮೆ ವಕೀಲ

ಮೇಡಂ, ಜರ್ಮನಿಯ ವಿಷಯವನ್ನು ನೀವು ಸರಿಯಾಗಿಯೇ ಹೇಳಿದ್ದೀರಿ, ಆದರೆ ವಿಶ್ಲೇಷಕರ ಬಾಯಲ್ಲಿ ಅದೇನಾಗುತ್ತದೆ ಎಂಬುದನ್ನು ನೋಡಬೇಕು. ‘ಜರ್ಮನಿಯಂತಹ ಮುಂದುವರಿದ ದೇಶವೇ ಮತಯಂತ್ರ ಬೇಡವೆಂದಿತು’ ಎಂದು ಹೇಳಿ ಅವರು ನಿಲ್ಲಿಸುತ್ತಾರೆ. ಅಲ್ಲಿ ಅಕ್ರಮ ಪತ್ತೆಯಾಗಿದ್ದರಿಂದ ಬೇಡವೆಂದಿತು ಎಂದು ಕೇಳುಗ ತಾನಾಗಿ ಪೂರ್ತಿ ಮಾಡಿಕೊಳ್ಳುತ್ತಾನೆ. ಆ ತೀರ್ಪಿನ ಆಧಾರ ಅಕ್ರಮವಾಗಿರಲಿಲ್ಲ. ಮತದಾನದ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಪರಿಶೀಲಿಸಲು ಸಾಧ್ಯವಾಗಬೇಕು ಎಂಬ ತತ್ತ್ವದ ಮೇಲೆ ನ್ಯಾಯಾಲಯ ಹಾಗೆಂದಿತು. 2005ರಲ್ಲಿ ಅಲ್ಲಿ ಬಳಸಿದ ಯಂತ್ರಗಳಲ್ಲಿ ಮತದಾರ ನೋಡಬಹುದಾದ ಕಾಗದದ ದಾಖಲೆಯೇ ಇರಲಿಲ್ಲ. ನಿಜವಾದ ಸಂಗತಿಯನ್ನು ಅರ್ಧಕ್ಕೆ ನಿಲ್ಲಿಸುವುದು ಸುಳ್ಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಲ್ಲಗಳೆಯಲು ಹೋದವನು ‘ಹಾಗಾದರೆ ಆ ತೀರ್ಪು ಬಂದೇ ಇಲ್ಲವೇ?’ ಎಂಬ ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ.

ನಿಮ್ಮ ಮೊದಲ ಬೇಡಿಕೆಯ ಒಂದು ಭಾಗವನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡಿದೆ. 2024ರ ಏಪ್ರಿಲ್ 26ರಂದು, ಅಂದರೆ ನಮ್ಮ ರಾಜ್ಯದ 14 ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿದ್ದ ದಿನವೇ, ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಾಂಕರ್ ದತ್ತಾ ಅವರ ಪೀಠ ಮತಪತ್ರಕ್ಕೆ ಮರಳುವ ಕೋರಿಕೆಯನ್ನು ತಿರಸ್ಕರಿಸಿತು. ಆದರೆ ಚಿಹ್ನೆ ತುಂಬುವ ಘಟಕಗಳನ್ನು ಮೊಹರು ಮಾಡಿ, ಫಲಿತಾಂಶದ ನಂತರ ಕನಿಷ್ಠ 45 ದಿನ ಭದ್ರವಾಗಿ ಇಡಬೇಕೆಂದಿತು. ಎರಡನೇ ಮತ್ತು ಮೂರನೇ ಸ್ಥಾನ ಪಡೆದವರು 7 ದಿನದೊಳಗೆ ಲಿಖಿತವಾಗಿ ಕೋರಿದರೆ ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಚಿಪ್ಪನ್ನು ತಯಾರಕರ ಎಂಜಿನಿಯರುಗಳಿಂದ ಪರಿಶೀಲಿಸಲೂ ಅವಕಾಶ ಕೊಟ್ಟಿತು. ನಿರ್ದಿಷ್ಟವಾದ ಪ್ರಶ್ನೆಗೆ ನಿರ್ದಿಷ್ಟವಾದ ಪರಿಹಾರ ದೊರೆತ ಉದಾಹರಣೆ ಇದು. ಆ ದಿನ ಸಂಜೆ ಎರಡು ಬಣದ ವಿಶ್ಲೇಷಕರೂ ತೀರ್ಪಿನ ಈ ಭಾಗವನ್ನು ಹೆಚ್ಚೇನೂ ಹೇಳದೆ ಬಿಟ್ಟರು. ‘ಕೋರ್ಟ್ ಕ್ಲೀನ್ ಚಿಟ್ ಕೊಟ್ಟಿತು’ ಎನ್ನುವವರಿಗೂ ‘ಕೋರ್ಟ್ ಕೂಡ ಕೈಬಿಟ್ಟಿತು’ ಎನ್ನುವವರಿಗೂ ಅದು ಬೇಕಿರಲಿಲ್ಲ.

ಮತಗಟ್ಟೆ ಮೇಷ್ಟ್ರು

ಅದೇ ಪ್ರಕರಣದಲ್ಲಿ ನನ್ನ ಗಮನ ಸೆಳೆದ ಇನ್ನೊಂದು ಸಂಗತಿ ಇದೆ. ಅದುವರೆಗೆ ಎಣಿಸಿದ 4 ಕೋಟಿಗೂ ಹೆಚ್ಚು ವಿವಿಪ್ಯಾಟ್ ಚೀಟಿಗಳಲ್ಲಿ ಯಂತ್ರದ ಲೆಕ್ಕಕ್ಕೂ ಚೀಟಿಗೂ ವ್ಯತ್ಯಾಸ ಕಂಡದ್ದು 2019ರಲ್ಲಿ ಆಂಧ್ರದ ಮೈದುಕೂರು ಕ್ಷೇತ್ರದ ಒಂದು ಮತಗಟ್ಟೆಯಲ್ಲಿ. ಅಣಕು ಮತದಾನದ ಲೆಕ್ಕವನ್ನು ಅಳಿಸದೆ ಹಾಗೆಯೇ ಬಿಟ್ಟದ್ದು ಅದಕ್ಕೆ ಕಾರಣ. ನಾನು ಮೇಲೆ ಹೇಳಿದ ಕ್ಲಿಯರ್ ಗುಂಡಿಯನ್ನು ಒತ್ತದೆ ಹೋದರೆ ಆಗುವುದು ಇದೇ. ಮಸ್ಟರಿಂಗ್ ದಿನ, ಅಂದರೆ ಯಂತ್ರ ಪಡೆದು ಮತಗಟ್ಟೆಗೆ ಹೊರಡುವ ದಿನ, ತರಬೇತಿ ಕೊಡುವವರು ಇದನ್ನು ನಮಗೆ ಏಕೆ ಅಷ್ಟು ಸಲ ಹೇಳಿಸಿ ಒಪ್ಪಿಸುತ್ತಿದ್ದರೆಂಬುದು ಆ ಸುದ್ದಿ ಓದಿದಾಗ ಮನಸ್ಸಿಗೆ ನಾಟಿತು.

ಸುದ್ದಿಮನೆ ಹಳಬ

ನಾನು ಟಿವಿ ಸುದ್ದಿವಾಹಿನಿಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದವನು, ಅದರ ಹೆಸರು ಇಲ್ಲಿ ಬೇಡ. ಒಳಗಿನ ಮಾತನ್ನು ಹೇಳುತ್ತೇನೆ.

ಆಧಾರವಿಲ್ಲದ ಸುದ್ದಿ ಬಂದಾಗ ನಮಗಿದ್ದ ದಾರಿ ಎಂದರೆ ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು. ‘ಮತಯಂತ್ರದಲ್ಲಿ ಅಕ್ರಮ’ ಎಂದು ಬರೆದರೆ ನಾಳೆ ನೋಟಿಸ್ ಬರುತ್ತದೆ, ‘ಮತಯಂತ್ರದಲ್ಲಿ ಅಕ್ರಮ?’ ಎಂದು ಬರೆದರೆ ಬರುವುದಿಲ್ಲ ಎಂಬ ನಂಬಿಕೆ ಅಲ್ಲಿತ್ತು. ಚರ್ಚೆಗೆ ಅತಿಥಿಗಳನ್ನು ಕರೆಯುವಾಗ ವಿಷಯ ಬಲ್ಲವರನ್ನು ಮೊದಲು ಕೈಬಿಡುತ್ತಿದ್ದರು. ಅವರು ‘ಇದಕ್ಕೆ ಎರಡು ಭಾಗಗಳಿವೆ’ ಎಂದು ಶುರುಮಾಡುತ್ತಾರೆ, ಅಷ್ಟು ಹೊತ್ತು ನೋಡುಗ ಕಾಯುವುದಿಲ್ಲವೆಂಬ ಭಯ. ಅವರ ಜಾಗಕ್ಕೆ ಬರುವ ವಿಶ್ಲೇಷಕ ಒಂದೇ ಉಸಿರಿನಲ್ಲಿ ಏಳೆಂಟು ಅನುಮಾನಗಳನ್ನು ಸುರಿಯುತ್ತಾನೆ: ಅಲ್ಲಿ ಲಾರಿಯಲ್ಲಿ ಯಂತ್ರ ಸಿಕ್ಕಿತು, ಇಲ್ಲಿ ಸಿಸಿಟಿವಿ ನಿಂತಿತು, ಮತ್ತೊಂದು ಕಡೆ ಬ್ಯಾಟರಿ ಶೇ 99 ತೋರಿಸಿತು. ಎದುರು ಕೂತ ಅಧಿಕಾರಿಯೋ ತಜ್ಞರೋ ಮೊದಲನೆಯದಕ್ಕೆ ಉತ್ತರಿಸುವಷ್ಟರಲ್ಲಿ ಜಾಹೀರಾತಿನ ಸಮಯ ಬರುತ್ತದೆ. ಉಳಿದ ಏಳಕ್ಕೆ ಉತ್ತರವಿಲ್ಲ ಎಂಬ ಭಾವ ಪ್ರೇಕ್ಷಕರಲ್ಲಿ ಉಳಿಯುತ್ತದೆ. ಮರುದಿನ ಸ್ಪಷ್ಟನೆ ಬಂದರೆ ಅದು ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಹೋಗುತ್ತಿತ್ತು, ಮತ್ತೆ ಚರ್ಚೆ ಇಡುತ್ತಿರಲಿಲ್ಲ.

ಕಡಲತಡಿ

ಹಳಬರೇ, ಲಾರಿಯಲ್ಲಿ ಯಂತ್ರ ಸಿಕ್ಕಿತು ಎಂಬುದಕ್ಕೆ ಆಯೋಗ ಕೊಡುವ ವಿವರಣೆ ಏನು? ನಮ್ಮ ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲಿ ಪ್ರತಿ ಸಲವೂ ಇದೇ ವಿಡಿಯೋ ಬರುತ್ತದೆ.

ಮತಗಟ್ಟೆ ಮೇಷ್ಟ್ರು

ಮತದಾನಕ್ಕೆ ಬಳಸದ, ತುರ್ತಿಗೆಂದು ಮೀಸಲಿಟ್ಟ ಯಂತ್ರಗಳೂ ತರಬೇತಿಗೆ ಬಳಸುವ ಯಂತ್ರಗಳೂ ಪ್ರತ್ಯೇಕವಾಗಿ ಸಾಗುತ್ತವೆ. ಬಹಳಷ್ಟು ವಿಡಿಯೋಗಳು ಅವುಗಳದ್ದು ಎಂಬುದು ಆಯೋಗದ ಉತ್ತರ. ಬಳಸಿದ ಯಂತ್ರದ ಕ್ರಮಸಂಖ್ಯೆ ಏಜೆಂಟರ ಬಳಿ ಇರುವುದರಿಂದ ಎಣಿಕೆಯ ದಿನ ತಾಳೆ ನೋಡಬಹುದು. ಆದರೆ ಆ ಮೀಸಲು ಯಂತ್ರಗಳನ್ನು ರಾತ್ರಿ ಹೊತ್ತು, ಯಾರಿಗೂ ತಿಳಿಸದೆ, ಕಾವಲಿಲ್ಲದ ವಾಹನದಲ್ಲಿ ಸಾಗಿಸುವ ಸಿಬ್ಬಂದಿಯ ಅಸಡ್ಡೆ ಇದೆಯಲ್ಲ, ಅದನ್ನು ನಾನು ಸಮರ್ಥಿಸುವುದಿಲ್ಲ. ವಿಶ್ಲೇಷಕನಿಗೆ ಬೇಕಾದ ಚಿತ್ರವನ್ನು ಒದಗಿಸುವವರು ಇವರೇ.

ನ್ಯೂಜೆರ್ಸಿ ಕನ್ನಡಿಗ

ಪ್ರಶ್ನಾರ್ಥಕ ಚಿಹ್ನೆ ಯಾವಾಗಲೂ ರಕ್ಷಿಸುವುದಿಲ್ಲ ಎಂಬುದಕ್ಕೆ ನಾನಿರುವ ದೇಶದಲ್ಲಿ ಉದಾಹರಣೆ ಇದೆ. 2020ರ ಅಧ್ಯಕ್ಷೀಯ ಚುನಾವಣೆಯ ನಂತರ ಫಾಕ್ಸ್ ನ್ಯೂಸ್ ವಾಹಿನಿಯ ಕಾರ್ಯಕ್ರಮಗಳಲ್ಲಿ, ಡೊಮಿನಿಯನ್ ಕಂಪನಿಯ ಮತಯಂತ್ರಗಳು ಮತಗಳನ್ನು ಬದಲಿಸಿದವೆಂಬ ಆರೋಪವನ್ನು ಅತಿಥಿಗಳ ಬಾಯಿಂದ ಮತ್ತೆ ಮತ್ತೆ ಹೇಳಿಸಲಾಯಿತು. ಜಾರ್ಜಿಯಾ ರಾಜ್ಯದಲ್ಲಿ ಮತಪತ್ರಗಳನ್ನು ಕೈಯಿಂದಲೇ ಮರುಎಣಿಕೆ ಮಾಡಿದಾಗಲೂ ಫಲಿತಾಂಶ ಬದಲಾಗಲಿಲ್ಲ, ಆದರೂ ಮಾತು ನಿಲ್ಲಲಿಲ್ಲ. ಡೊಮಿನಿಯನ್ ಮಾನನಷ್ಟ ಮೊಕದ್ದಮೆ ಹೂಡಿತು. ಆಗ ವಾಹಿನಿಯವರ ಖಾಸಗಿ ಸಂದೇಶಗಳು ನ್ಯಾಯಾಲಯದ ಕಡತಕ್ಕೆ ಬಂದವು. ಆರೋಪ ಮಾಡುತ್ತಿದ್ದ ವಕೀಲೆ ಸಿಡ್ನಿ ಪವೆಲ್ ಸುಳ್ಳು ಹೇಳುತ್ತಿದ್ದಾರೆ ಎಂದು ನಿರೂಪಕ ಟಕರ್ ಕಾರ್ಲ್‌ಸನ್ ತಮ್ಮ ಸಹೋದ್ಯೋಗಿಗೆ ಬರೆದದ್ದೂ ಅವುಗಳಲ್ಲಿತ್ತು. 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನನ್ನನ್ನು ಹೆಚ್ಚು ಕಲಕಿದ್ದು ಹಣದ ಮೊತ್ತಕ್ಕಿಂತ ಆ ಸಂದೇಶಗಳು. ತಾವು ನಂಬದ್ದನ್ನು, ನಂಬುವ ಕೋಟ್ಯಂತರ ಜನರ ಮುಂದೆ ಅವರು ಇಡುತ್ತಿದ್ದರು. ಪ್ರೇಕ್ಷಕರು ಬೇರೆ ವಾಹಿನಿಗೆ ಹೋಗಿಬಿಡುತ್ತಾರೆ ಎಂಬ ಆತಂಕ ಆ ಸಂದೇಶಗಳ ತುಂಬ ಇದೆ.

ತರ್ಕಶಾಲೆ

ಈ ವ್ಯಾಪಾರ ಹುಟ್ಟಿದ್ದು ಚುನಾವಣೆಯಲ್ಲಲ್ಲ ಎಂಬುದನ್ನೂ ಸೇರಿಸಬೇಕು. ಧೂಮಪಾನದಿಂದ ಕ್ಯಾನ್ಸರ್ ಬರುತ್ತದೆಂಬ ಸಂಶೋಧನೆಗಳು 1950ರ ದಶಕದಲ್ಲಿ ಹೊರಬಿದ್ದಾಗ ಅಮೆರಿಕದ ಸಿಗರೇಟು ಕಂಪನಿಗಳು ‘ಇನ್ನೂ ಖಚಿತವಾಗಿಲ್ಲ, ಹೆಚ್ಚಿನ ಸಂಶೋಧನೆ ಬೇಕು’ ಎಂಬ ಒಂದೇ ಮಾತನ್ನು ದಶಕಗಳ ಕಾಲ ಹೇಳಿಸಿದವು. 1969ರಲ್ಲಿ ಬ್ರೌನ್ ಅಂಡ್ ವಿಲಿಯಮ್‌ಸನ್ ಕಂಪನಿಯ ಒಳಟಿಪ್ಪಣಿಯಲ್ಲಿ ‘ಸಂಶಯವೇ ನಮ್ಮ ಸರಕು’ ಎಂದು ಬರೆದುಕೊಂಡಿದ್ದರು. ಸಂಶಯದಿಂದ ಗೆಲ್ಲಲು ಏನನ್ನೂ ಸಾಧಿಸಿ ತೋರಿಸಬೇಕಾಗಿಲ್ಲ, ಎದುರಿನವರ ಸಿದ್ಧಾಂತ ಗಟ್ಟಿಯಾಗದಂತೆ ತಡೆದರೆ ಸಾಕು ಎಂದು ಅವರು ಕಂಡುಕೊಂಡಿದ್ದರು.

ಕೃಷ್ಣೆಯ ದಂಡೆ

ಇಲ್ಲಿಯವರೆಗಿನ ಚರ್ಚೆ ಒಂದೇ ಕಡೆಗೆ ವಾಲಿದೆ ಎಂದು ನನಗನಿಸುತ್ತದೆ. ಮತಯಂತ್ರವನ್ನು ಪ್ರಶ್ನಿಸುವ ವಿಶ್ಲೇಷಕರ ಬಗ್ಗೆ ಇಷ್ಟೆಲ್ಲ ಹೇಳಿದಿರಿ. ಪ್ರಶ್ನಿಸುವವರ ಮೇಲೆಯೇ ಸಂಶಯ ಬಿತ್ತುವ ವಿಶ್ಲೇಷಕರಿಲ್ಲವೇ? ‘ಸೋತವರ ಅಳಲು’, ‘ಇದರ ಹಿಂದೆ ವಿದೇಶಿ ಕೈವಾಡವಿರಬಹುದೇ?’, ‘ಇವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೀವೇ ಯೋಚಿಸಿ’ ಎಂದು ಅವರೂ ಅದೇ ಪ್ರಶ್ನಾರ್ಥಕ ಧಾಟಿಯಲ್ಲಿ ಹೇಳುತ್ತಾರೆ. ಪ್ರಶ್ನೆಗೆ ಉತ್ತರ ಕೊಡುವ ಬದಲು ಕೇಳಿದವನ ಚಾರಿತ್ರ್ಯಕ್ಕೆ ಮಸಿ ಬಳಿಯುತ್ತಾರೆ. 2017ರಲ್ಲಿ ಆಯೋಗ ‘ಬಂದು ಯಂತ್ರವನ್ನು ತಿರುಚಿ ತೋರಿಸಿ’ ಎಂದು ಪಕ್ಷಗಳಿಗೆ ಸವಾಲು ಹಾಕಿತು. ಎನ್‌ಸಿಪಿ ಮತ್ತು ಸಿಪಿಎಂ ಎರಡೇ ಪಕ್ಷಗಳು ಜೂನ್ 3ರಂದು ಬಂದವು, ಅವೂ ತಿರುಚುವ ಪ್ರಯತ್ನ ಮಾಡಲಿಲ್ಲ. ಇದನ್ನು ಮಾತ್ರ ಈ ಬಣದವರು ಹೇಳುತ್ತಾರೆ. ಯಂತ್ರದ ಒಳಭಾಗಗಳನ್ನು ಬದಲಿಸಲು ಆ ಸವಾಲಿನಲ್ಲಿ ಅವಕಾಶವಿರಲಿಲ್ಲ, ಅದಕ್ಕೇ ಆಮ್ ಆದ್ಮಿ ಪಕ್ಷ ದೂರ ಉಳಿಯಿತು ಎಂಬುದನ್ನು ಹೇಳುವುದಿಲ್ಲ. ಅರ್ಧ ಸತ್ಯದ ಗುತ್ತಿಗೆ ಒಂದೇ ಬಣದ್ದಲ್ಲ.

ನಮ್ಮ ವಿಜಯಪುರ ಜಿಲ್ಲೆಯಲ್ಲಿ 2018ರ ವಿಧಾನಸಭಾ ಚುನಾವಣೆ ಮುಗಿದ ಮೇಲೆ ಮನಗೂಳಿಯ ಶೆಡ್ಡೊಂದರಲ್ಲಿ ವಿವಿಪ್ಯಾಟ್ ಪೆಟ್ಟಿಗೆಗಳು ಸಿಕ್ಕವು. ಅವು ಖಾಲಿ ಪೆಟ್ಟಿಗೆಗಳು, ಒಳಗೆ ಯಂತ್ರವಿರಲಿಲ್ಲ ಎಂದು ಚುನಾವಣಾಧಿಕಾರಿಗಳು ಹೇಳಿದರು. ಒಂದು ಬಣದ ವಿಶ್ಲೇಷಕರು ‘ಯಂತ್ರಗಳೇ ಸಿಕ್ಕವು’ ಎಂಬಂತೆ ಮಾತನಾಡಿದರು, ಇನ್ನೊಂದು ಬಣದವರು ‘ಏನೂ ಸಿಕ್ಕಿಲ್ಲ’ ಎಂಬಂತೆ ಮಾತನಾಡಿದರು. ಖಾಲಿ ಪೆಟ್ಟಿಗೆಯಾದರೂ ಆ ಶೆಡ್ಡಿಗೆ ಹೇಗೆ ಬಂತು ಎಂದು ಕೇಳಬೇಕಾಗಿದ್ದ ಜಿಲ್ಲೆಯ ನಮ್ಮ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿಹೋಯಿತು.

ಹೇಮಾವತಿ ತೀರ

ಕೃಷ್ಣೆಯ ದಂಡೆಯವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಇನ್ನೊಂದು ತಂತ್ರವನ್ನು ಇಲ್ಲಿ ಇಡುತ್ತೇನೆ, ಎರಡು ಬೇರೆ ಪ್ರಶ್ನೆಗಳನ್ನು ಬೆರೆಸಿಬಿಡುವುದು. 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿಯವರು ಬೆಂಗಳೂರಿನ ಮಹದೇವಪುರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅಕ್ರಮವಿದೆ ಎಂದು ಆರೋಪಿಸಿದರು, ಆಯೋಗ ಅದನ್ನು ತಳ್ಳಿಹಾಕಿತು. ಅದು ಪಟ್ಟಿಗೆ ಸಂಬಂಧಿಸಿದ ಪ್ರಶ್ನೆ. ಪಟ್ಟಿಯ ಹೆಸರು ಹೆಸರನ್ನೂ ಮನೆಗೆ ಹೋಗಿ ಪರಿಶೀಲಿಸಬಹುದು, ಮತಪತ್ರ ಬಂದರೂ ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದರೆ ಎಷ್ಟೋ ವಿಡಿಯೋಗಳಲ್ಲಿ ಪಟ್ಟಿಯಿಂದ ಆರಂಭಿಸಿ, ನಡುವೆ ಒಂದು ಮಾತಿನಲ್ಲಿ ಯಂತ್ರಕ್ಕೆ ದಾಟಿ, ಪಟ್ಟಿಗೆ ತೋರಿಸಿದ ಹಾಳೆಗಳೇ ಯಂತ್ರಕ್ಕೂ ಪುರಾವೆ ಎಂಬಂತೆ ಮುಗಿಸುತ್ತಾರೆ. ಎದುರು ಬಣದವರು ಇದನ್ನೇ ತಿರುಗಿಸಿ, ಯಂತ್ರದ ಬಗ್ಗೆ ಕೋರ್ಟ್ ತೀರ್ಪು ಕೊಟ್ಟಾಗಿದೆ, ಆದ್ದರಿಂದ ಪಟ್ಟಿಯ ಪ್ರಶ್ನೆಯೂ ಮುಗಿಯಿತು ಎನ್ನುತ್ತಾರೆ.

ಕೃಷ್ಣೆಯ ದಂಡೆ

ಆಮೇಲೆ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸುವಂತೆ ಶಿಫಾರಸು ಮಾಡಲು ತೀರ್ಮಾನಿಸಿದಾಗ ಈ ಬೆರಕೆ ಇನ್ನೂ ಹೆಚ್ಚಾಯಿತು. ಅದು ಸರಿಯೋ ತಪ್ಪೋ ಎಂಬುದನ್ನು...

ಸಂಚಾಲಕರು

ಸರ್ಕಾರದ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆಗೆ ಪ್ರತ್ಯೇಕ ಎಳೆ ತೆರೆಯಲಾಗಿದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ವಿಶ್ಲೇಷಕರ ವಾಕ್ತಂತ್ರಗಳ ಬಗ್ಗೆ ಮಾತ್ರ ಬರೆಯಿರಿ.

ಜಾಲಹಳ್ಳಿ ಕ್ರಾಸ್

ಹೇಮಾವತಿ ತೀರದವರು ಮೊದಲಿಗೆ ಕೇಳಿದ ‘ಹೇಳದೇ ಇರುವ ಮಾತನ್ನು ಅಲ್ಲಗಳೆಯುವುದು ಹೇಗೆ’ ಎಂಬುದಕ್ಕೆ ನಾನು ಮನೆಯಲ್ಲಿ ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಅಲ್ಲಗಳೆಯಲು ಹೋಗುವುದಿಲ್ಲ. ವಿಶ್ಲೇಷಕನ ಪ್ರಶ್ನೆಯನ್ನು ಹೇಳಿಕೆಯಾಗಿ ಬದಲಿಸಿ ಬರೆಯುತ್ತೇನೆ. ‘ಬ್ಯಾಟರಿ ಶೇ 99 ಇದ್ದದ್ದು ಕಾಕತಾಳೀಯವೇ?’ ಎಂದಾಗ, ‘ಎಣಿಕೆಗೆ ಮುಂಚೆ ಬೇರೆ ಯಂತ್ರ ತಂದಿಟ್ಟರು ಎಂದು ಇವರು ಹೇಳುತ್ತಿದ್ದಾರೆ’ ಎಂದು ಬರೆದುಕೊಂಡರೆ, ಆ ಯಂತ್ರದ ಕ್ರಮಸಂಖ್ಯೆ ಏಜೆಂಟರ ಬಳಿ ಇರುವ ಸಂಖ್ಯೆಗೆ ತಾಳೆಯಾಯಿತೇ ಎಂದು ಕೇಳುವುದು ಸುಲಭವಾಗುತ್ತದೆ. ನಮ್ಮ ಅತ್ತೆಯವರು ಈಗ ವಿಡಿಯೋ ನೋಡುವಾಗಲೇ ‘ಹಾಗಾದರೆ ಇವನು ಹೇಳುತ್ತಿರುವುದು ಏನು, ನೇರವಾಗಿ ಹೇಳಲಿ’ ಎನ್ನುತ್ತಾರೆ.

ಮತಗಟ್ಟೆ ಮೇಷ್ಟ್ರು

ಸಂಶಯ ಬೆಳೆಯಲು ಆಯೋಗವೂ ಅವಕಾಶ ಕೊಟ್ಟಿದೆ ಎಂಬುದನ್ನು ನಾನೇ ಹೇಳದಿದ್ದರೆ ಅನ್ಯಾಯವಾದೀತು. 2024ರ ಏಪ್ರಿಲ್ 19ರಂದು ಮೊದಲ ಹಂತದ ಮತದಾನ ನಡೆಯಿತು. ಶೇ 66.14 ಎಂಬ ಅಂತಿಮ ಪ್ರಮಾಣ ಪ್ರಕಟವಾದದ್ದು ಏಪ್ರಿಲ್ 30ಕ್ಕೆ, ಅದೂ ಒಟ್ಟು ಮತಗಳ ಸಂಖ್ಯೆಯಿಲ್ಲದೆ. ಮತದಾನದ ಸಂಜೆ ಹೇಳಿದ ಪ್ರಮಾಣ ಸುಮಾರು ಶೇ 60. ಸರತಿಯಲ್ಲಿ ನಿಂತವರು ಗಡುವಿನ ನಂತರವೂ ಮತ ಹಾಕುತ್ತಾರೆ, ದೂರದ ಮತಗಟ್ಟೆಗಳಿಂದ ವರದಿ ತಡವಾಗಿ ಬರುತ್ತದೆ ಎಂಬುದು ನಮ್ಮಂಥವರಿಗೆ ಗೊತ್ತು. ಅದನ್ನು ಆ ಹೊತ್ತಿನಲ್ಲೇ ಜನರಿಗೆ ಬಿಡಿಸಿ ಹೇಳುವವರು ಇರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ವಿಶ್ಲೇಷಕರು ಎಷ್ಟು ಮಾತನಾಡಿದರೆಂದರೆ, ಮೇ 25ರಂದು ಆಯೋಗ ಐದು ಹಂತಗಳ ಪೂರ್ಣ ಸಂಖ್ಯೆಗಳನ್ನು ಕೊಟ್ಟಾಗ ಕೇಳುವ ಕಿವಿಗಳು ಕಡಿಮೆಯಾಗಿದ್ದವು.

ಪ್ರಶ್ನೆ ಬಿಡದವಳು

ಮೇಷ್ಟ್ರೇ, ಈ ಎಳೆಯಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಉತ್ತರ ಇದೇ. ಶೀರ್ಷಿಕೆಯ ಬಗ್ಗೆ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುವುದಿಲ್ಲ. ಸಂಶಯ ಬಿತ್ತುವ ವಿಶ್ಲೇಷಕ ಮತ್ತು ಉತ್ತರ ಕೊಡದ ಸಂಸ್ಥೆ, ಇವೆರಡನ್ನೂ ಒಟ್ಟಿಗೆ ಹೇಳಬೇಕಿತ್ತು. ನನ್ನ ಬೇಡಿಕೆ ಇಷ್ಟು: ಏಜೆಂಟರಿಗೆ ಕೊಡುವ 17ಸಿ ಪ್ರತಿಯನ್ನೇ ಅದೇ ರಾತ್ರಿ ಸಾರ್ವಜನಿಕರಿಗೂ ಕಾಣುವಂತೆ ಪ್ರಕಟಿಸಲಿ. ಹೀಗೆ ಮಾಡಲು ತೊಂದರೆಯೇನು ಎಂದು ನಿಮ್ಮ ಅನುಭವದಿಂದ ಹೇಳಿ.

ಮತಗಟ್ಟೆ ಮೇಷ್ಟ್ರು

ಮತಗಟ್ಟೆಯ ಮಟ್ಟದಲ್ಲಿ ನನಗೆ ಯಾವ ತೊಂದರೆಯೂ ಕಾಣುವುದಿಲ್ಲ, ಮೇಡಂ. ಪ್ರಿಸೈಡಿಂಗ್ ಆಫೀಸರ್ ಅದನ್ನು ಹೇಗೂ ತುಂಬಿ ಸಹಿ ಮಾಡಿಯೇ ಹೊರಡುತ್ತಾನೆ. ಪ್ರಕಟಿಸಿದರೆ ಅದರ ಚಿತ್ರವನ್ನು ತಿದ್ದಿ ಹರಿಬಿಡುತ್ತಾರೆ, ಗೊಂದಲ ಹೆಚ್ಚುತ್ತದೆ ಎಂದು ಆಯೋಗ ಕೋರ್ಟಿನಲ್ಲಿ ಹೇಳಿತ್ತು. ಆ ಭಯ ನಿರಾಧಾರವಲ್ಲ. ಆದರೆ ಪ್ರತಿ ಮತಗಟ್ಟೆಯಲ್ಲೂ ಏಜೆಂಟರ ಕೈಯಲ್ಲಿ ಸಹಿ ಮಾಡಿದ ಮೂಲ ಪ್ರತಿ ಇರುವಾಗ ತಿದ್ದಿದ್ದನ್ನು ಅಂದೇ ಹಿಡಿಯಬಹುದು ಎಂಬುದು ನನ್ನ ಅಭಿಪ್ರಾಯ. ಮುಂದಿನ ಚುನಾವಣೆಯಲ್ಲಿ ನಿಮ್ಮ ಊರಿನ ಯಾವುದಾದರೂ ಅಭ್ಯರ್ಥಿಯ ಏಜೆಂಟರಾಗಿ ಬೆಳಗಿನ ಐದೂವರೆಗೆ ಬನ್ನಿ. ಗೀಟು ಹಾಕುವ ಹಾಳೆಯನ್ನು ನೀವೇ ಹಿಡಿದುಕೊಳ್ಳಿ, ಸಂಜೆ 17ಸಿ ಪ್ರತಿ ಪಡೆಯದೆ ಕೊಠಡಿ ಬಿಡಬೇಡಿ.

ಪ್ರಶ್ನೆ ಬಿಡದವಳು

ಖಂಡಿತ ಬರುತ್ತೇನೆ. ಏಜೆಂಟರಾಗಲು ತುಂಬಬೇಕಾದ ನಮೂನೆ ಯಾವುದು, ಅದಕ್ಕೆ ಅಭ್ಯರ್ಥಿಯ ಸಹಿ ಸಾಕೇ ಎಂಬುದನ್ನು ವಕೀಲರು ದಯವಿಟ್ಟು ತಿಳಿಸಬೇಕು.

ಬಯಲುಸೀಮೆ ವಕೀಲ

ನಮೂನೆ 10. ಅಭ್ಯರ್ಥಿಯಾಗಲಿ ಅವರ ಚುನಾವಣಾ ಏಜೆಂಟರಾಗಲಿ ಸಹಿ ಮಾಡಬೇಕು. ಅದನ್ನು ಮತಗಟ್ಟೆಗೆ ತಂದು, ಪ್ರಿಸೈಡಿಂಗ್ ಆಫೀಸರ್ ಎದುರಿನಲ್ಲಿ ಅದರಲ್ಲಿರುವ ಘೋಷಣೆಗೆ ನೀವು ಸಹಿ ಹಾಕಬೇಕು.